ತಾನಾಗಿ ಒಣಗಬೇಕು

ಕಿರ್ ಕಿರ್ ಅಂತ ಬಿಳಿ ಬೂಟಿನ ಸದ್ದು, ಅವಳದೇ, ಉಳಿದ ಹುಡುಗಿಯರ ಬೂಟುಗಳು ಓಡುತ್ತವೆ, ಅವಳದು ನಡೆಯುತ್ತದೆ, ಮನೆಯಲ್ಲಿ ಅಡುಗೆಮನೆಯಿಂದ ನಡುಮನೆಗೆ ಬರುವಾಗಲೂ ಇದೇ ನಡಿಗೆ, ಅಲ್ಲಿ ಬರಿಗಾಲು ಇಲ್ಲಿ ಬೂಟು, ಅಷ್ಟೇ ವ್ಯತ್ಯಾಸ, ಬಾಗಿಲಿಂದ ಬಂತು, ಮೂಲೆಯ ಸಿಂಕಿನ ಹತ್ತಿರ ನಿಂತಿತು, ನೀರಿನ ಸದ್ದು, ಕೈ ತೊಳೆಯುತ್ತಿದ್ದಾಳೆ, ಬೆರಳಸಂದಿ, ಹೆಬ್ಬೆರಳು, ಉಗುರು, ಮಣಿಕಟ್ಟು, ಇಷ್ಟು ಹೊತ್ತು ಯಾರಾದರೂ ಕೈ ತೊಳೆಯುತ್ತಾರೆಯೇ, ಬೋರ್ಡು ಬರೆದು ಮೊಣಕೈವರೆಗೆ ಬಣ್ಣ ಮಾಡಿಕೊಳ್ಳುವ ನಾನೇ ಇಷ್ಟು ಉಜ್ಜಿಕೊಳ್ಳುವುದಿಲ್ಲ — ಈಗ ಬರುತ್ತಾಳೆ, ನನ್ನ ಮಂಚದ ಕಡೆಗೇ ಬರುತ್ತಾಳೆ, ಬಂದಳು, ಹೋದಳು. ಪಕ್ಕದ ಮಂಚಕ್ಕೆ. ಡ್ರೈವರ್ ಸಾರ್, ರಾತ್ರಿ ನಿದ್ದೆ ಬಂತಾ. ಬಂತು ಸಿಸ್ಟರ್, ನೀವು ದಿಂಬು ಸರಿ ಮಾಡಿ ಹೋದ್ರಲ್ಲ, ಮಗು ಥರ ಮಲಗಿಬಿಟ್ಟೆ. ಮಗುವಂತೆ ಮಗು, ಕಿವಿಯವರೆಗೆ ಮೀಸೆ ಬಿಟ್ಟಿರುವ ಮಗು, ಲಾರಿ ಓಡಿಸುವ ಮಗು, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದೆ ಬಂದು ಬಿದ್ದಿರುವ ಮಗು, ನನ್ನ ದಿಂಬು ಇಲ್ಲಿ ಕತ್ತಿನ ಕೆಳಗೆ ಮುದ್ದೆಯಾಗಿ ಬಿದ್ದಿದೆ, ಅದನ್ನು ಕೇಳುವವರು ಯಾರೂ ಇಲ್ಲ.

ಇಲ್ಲ, ಕೇಳಬಾರದು, ಅದು ನಿಯಮ. ನರ್ಸಿಂಗ್ ವಿದ್ಯಾರ್ಥಿನಿಯರು ತಮ್ಮವರ ಸೇವೆ ಮಾಡುವಂತಿಲ್ಲ, ಗಂಡನಾಗಲಿ ತಂದೆಯಾಗಲಿ, ಕೈ ನಡುಗುತ್ತದಂತೆ, ಲೆಕ್ಕ ತಪ್ಪುತ್ತದಂತೆ, ಹಾಗಂತ ಅವರ ಟೀಚರಮ್ಮ ನನ್ನನ್ನು ಈ ಮಂಚಕ್ಕೆ ಹಾಕಿದ ದಿನವೇ ಹೇಳಿದಳು, ಬಟ್ಟೆ ಅಂಗಡಿಯ ಬೋರ್ಡಿನ ಕೊನೇ ಅಕ್ಷರಕ್ಕೆ ನೆರಳು ಕೊಡುತ್ತಿದ್ದಾಗ ಏಣಿ ಜಾರಿತು, ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು, ಊರಲ್ಲಿ ಬೇರೆ ಆಸ್ಪತ್ರೆ ಇರಲಿಲ್ಲವೇ, ಅವಳು ಓದುವ ಆಸ್ಪತ್ರೆಗೇ ಎತ್ತಿಕೊಂಡು ಬಂದರು, ನನಗೂ ಒಳಗೊಳಗೇ ಖುಷಿಯಾಯಿತು, ಹೋಗಲಿ, ಈಗಲಾದರೂ ಅವಳು ನನ್ನ ಹತ್ತಿರ ಇರುತ್ತಾಳೆ ಅಂತ. ಮೊಣಕೈಗೆ ಬೆಲ್ಲ ಸವರಿದ ಹಾಗಾಯಿತು. ಕಣ್ಣಿಗೆ ಕಾಣುತ್ತಾಳೆ, ಕೈಗೆ ಸಿಗುವುದಿಲ್ಲ. ರೀ, ವಾರ್ಡಲ್ಲಿ ನಾನು ನಿಮ್ಮ ಹೆಂಡತಿ ಅಲ್ಲ, ಹೆಸರು ಹಿಡಿದು ಕೂಗಬೇಡಿ, ಲೇ ಅನ್ನಬೇಡಿ, ಏನು ಬೇಕಾದ್ರೂ ಎರಡು ಜಡೆ ಹುಡುಗೀನ ಕೇಳಿ. ಎರಡು ಜಡೆ ಅಂದರೆ ಅವಳದೇ ಕ್ಲಾಸಿನ ಹುಡುಗಿ, ನಮ್ಮ ಮಗಳಿಗಿಂತ ನಾಲ್ಕು ಬೆರಳು ಎತ್ತರ ಇರಬಹುದು, ನನಗೆ ಮೈ ಒರೆಸುವುದು, ಮಾತ್ರೆ ಕೊಡುವುದು ಎಲ್ಲ ಅವಳ ಪಾಲಿಗೆ, ಪಾಪ ಒಳ್ಳೆಯ ಹುಡುಗಿ, ಅಂಕಲ್ ಅಂಕಲ್ ಅನ್ನುತ್ತಾಳೆ, ಆದರೆ ಬೆನ್ನು ಒರೆಸುವಾಗ ಬಸ್ಸಿನ ಗಾಜು ಒರೆಸಿದ ಹಾಗೆ ಒರೆಸುತ್ತಾಳೆ. ಪರದೆಯ ಆಚೆ ನನ್ನ ಹೆಂಡತಿ ಆ ಮೀಸೆಯವನ ಬೆನ್ನು ಒರೆಸುತ್ತಾಳೆ, ಟವೆಲ್ ಹಿಂಡುವ ಸದ್ದು ಕೇಳಿಸುತ್ತದೆ, ನೀರು ಬಿಸಿ ಸಾಕಾ ಅನ್ನುತ್ತಾಳೆ, ಸಾಕು ಸಿಸ್ಟರ್, ಹಾಯಾಗಿದೆ ಅನ್ನುತ್ತಾನೆ, ಹಾಯಂತೆ, ನನ್ನ ಹೊಟ್ಟೆಯೊಳಗೆ ಏನು ಉರಿಯುತ್ತದೆ ಅಂತ ಯಾವ ಥರ್ಮಾಮೀಟರಿಗೂ ಗೊತ್ತಾಗುವುದಿಲ್ಲ. ನಿನ್ನೆ ಅವನೇ ನನ್ನ ಕಡೆ ಹೊರಳಿ ಹೇಳಿದ, ಅಣ್ಣಾ, ಆ ದೊಡ್ಡ ಸ್ಟೂಡೆಂಟ್ ಇದಾರಲ್ಲ, ಎಂಥಾ ಕೈ ಅಂತೀರಿ, ಹೂವು ಮುಟ್ಟಿದ ಹಾಗೆ, ಅವರ ಗಂಡ ಯಾವನೋ ಪುಣ್ಯವಂತ. ಹೌದಪ್ಪಾ, ಯಾವನೋ, ಅಂದೆ, ಗೋಡೆ ಕಡೆ ಮುಖ ಮಾಡಿದೆ, ಗೋಡೆಯ ಮೇಲೆ ‘ನಿಶ್ಶಬ್ದ’ ಅಂತ ಬರೆದಿದ್ದಾರೆ, ಒತ್ತಕ್ಷರ ನೋಡು, ಕೋಳಿ ಕೆರೆದ ಹಾಗಿದೆ, ಯಾವ ದಡ್ಡ ಬರೆದನೋ.

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನನಗಾಗಿಯೇ ಹೇಳಿದ ಮಾತು. ಹಿತ್ತಲಲ್ಲೇ ಇತ್ತಲ್ಲ, ಇಷ್ಟು ವರ್ಷ, ನಾನು ತಲೆ ಎತ್ತಿ ನೋಡಿದೆನೇ, ಮದುವೆಗೆ ಮುಂಚೆ ಅವಳು ನರ್ಸಿಂಗ್ ಶಾಲೆಗೆ ಸೇರಿದ್ದಳು ಅಂತ ಗೊತ್ತಿತ್ತು, ಅರ್ಧಕ್ಕೆ ಬಿಟ್ಟಳು ಅಂತಲೂ ಗೊತ್ತಿತ್ತು, ಗೊತ್ತಿದ್ದದ್ದು ಹೇಗೆ ಅಂದರೆ ಅವರ ಮನೆಯಲ್ಲಿ ಒಂದು ಬಾವಿ ಇತ್ತು, ಮುಚ್ಚಿಬಿಟ್ಟರು ಅಂತ ಗೊತ್ತಿದ್ದ ಹಾಗೆ, ಆಮೇಲೆ ನಮ್ಮಪ್ಪ ಹಾಸಿಗೆ ಹಿಡಿದರು, ಅವಳು ಅವರನ್ನು ಮಗ್ಗುಲು ತಿರುಗಿಸುವುದನ್ನು ನೋಡಿ ಮನೆಗೆ ಬರುತ್ತಿದ್ದ ನರ್ಸಮ್ಮ, ಏನಮ್ಮಾ ಈ ಕೈ ಇಟ್ಟುಕೊಂಡು ಪಾತ್ರೆ ತೊಳೀತಾ ಕೂತಿದೀಯಲ್ಲ ಅಂದಳು, ಆ ಮಾತು ಅವಳ ಕಿವಿಯಲ್ಲಿ ಮೊಳಕೆ ಒಡೆದದ್ದು ನನಗೆ ಕಾಣಿಸಲಿಲ್ಲ, ಅಪ್ಪ ಹೋದ ಮೇಲೆ ಒಂದು ದಿನ ಊಟಕ್ಕೆ ಬಡಿಸುತ್ತಾ, ರೀ ಮತ್ತೆ ಸೇರ್ಕೊಳ್ತೀನಿ, ವಯಸ್ಸಾದೋರನ್ನೂ ತಗೋತಾರಂತೆ ಅಂದಳು, ನಾನು ನಕ್ಕೆ, ತಮಾಷೆ ಅಂದುಕೊಂಡೆ, ಅವಳು ನಗಲಿಲ್ಲ. ಈ ವಯಸ್ಸಲ್ಲಿ ಓದಾ, ನಲವತ್ತು ಹತ್ತಿರ ಬಂತು, ಕ್ಲಾಸಲ್ಲಿ ನಿನ್ನನ್ನ ಟೀಚರ್ ಅಂದ್ಕೊಂಡು ಎದ್ದು ನಿಲ್ತಾರೆ ಅಷ್ಟೇ. ಎದ್ದು ನಿಂತ್ರಂತೆ, ಮೊದಲನೇ ದಿನ, ಬಂದು ಹೇಳಿ ತಾನೇ ನಕ್ಕಳು. ಆಮೇಲೆ ಮನೆಯ ಒಂದೇ ಮೇಜಿಗೆ ಇಬ್ಬರು, ಆ ಕಡೆ ಮಗಳು ಈ ಕಡೆ ಅವಳು, ಇಬ್ಬರೂ ತುಟಿ ಕುಣಿಸುತ್ತಾ ಓದುವುದು, ನಾನು ಟಿವಿಯ ಸದ್ದು ತೆಗೆದು ಬರೀ ಬೊಂಬೆ ನೋಡುವುದು, ಅಮ್ಮನಂತೂ ಸೊಸೆಯ ಅಭ್ಯಾಸಕ್ಕೆ ಮೈಯನ್ನೇ ಬಿಟ್ಟುಕೊಟ್ಟಳು, ತಲೆಗೊಂದು ಬ್ಯಾಂಡೇಜ್, ಮೊಣಕೈಗೊಂದು ಬ್ಯಾಂಡೇಜ್, ಯುದ್ಧದಿಂದ ಬಂದವಳ ಹಾಗೆ ಜಗಲಿಯಲ್ಲಿ ಕೂತು ಬೀದಿಯವರಿಗೆಲ್ಲ, ನಮ್ಮ ಸೊಸೆ ಕಟ್ಟಿದ್ದು, ನೋಡಿ ಎಷ್ಟು ನೀಟು, ಅನ್ನುವುದು. ನನ್ನ ಹತ್ತಿರವೂ ಬಂದಳು. ರೀ, ಕೈ ಕೊಡಿ, ನಾಡಿ ನೋಡ್ತೀನಿ. ಹೋಗೇ, ನನಗೇನಾಗಿದೆ, ಕಲ್ಲುಗುಂಡಿನ ಹಾಗಿದೀನಿ, ಅಂದೆ. ಅವಳು ಪಕ್ಕದ ಮನೆಯವನ ನಾಡಿ ನೋಡಿದಳು. ಎದೆಗೆ ಪಿನ್ ಹಾಕಿ ತಲೆಕೆಳಗಾಗಿ ನೇತುಹಾಕಿದ ಗಡಿಯಾರ, ಅವನ ಮಣಿಕಟ್ಟು ಅವಳ ಬೆರಳಲ್ಲಿ, ಕಣ್ಣು ಮುಳ್ಳಿನ ಮೇಲೆ, ಅವನ ಮುಖ ಸಹ ನೋಡಲಿಲ್ಲ, ಆದರೂ ನನಗೆ ಅವತ್ತು ರಾತ್ರಿ ಊಟ ಇಳಿಯಲಿಲ್ಲ, ಯಾಕೆ ಊಟ ಬಿಟ್ರಿ ಅಂತ ಕೇಳಿದಳು, ನಿನ್ನ ಸಾರಿಗೆ ಉಪ್ಪಿಲ್ಲ ಅಂದೆ.

ಸ್ಪಿರಿಟ್ ವಾಸನೆ, ಯಾವುದೋ ಮಂಚದ ಹತ್ತಿರ ಹತ್ತಿ ಅದ್ದಿದರು, ನನ್ನ ಟರ್ಪಂಟೈನ್ ಎದೆಗೆ ಇಳಿಯುವ ವಾಸನೆ, ಇದು ಮೂಗಲ್ಲೇ ಚುಚ್ಚಿ ಹಾರಿಹೋಗುವ ವಾಸನೆ, ಹಾರಿಹೋಗಲಿಕ್ಕೆ ಬಿಡಬೇಕಂತೆ, ಅದೇ ಅವಳ ಕಷ್ಟ, ಅವಳಿಗೆ ಬಿಡಲಿಕ್ಕೆ ಆಗುವುದಿಲ್ಲ, ತೋಳು ಒರೆಸಿ ಸೂಜಿ ಚುಚ್ಚುವ ಮೊದಲು ಅದು ತಾನಾಗಿ ಒಣಗಬೇಕು, ಅವಳು ಬಾಗುತ್ತಾಳೆ, ತುಟಿ ದುಂಡಗೆ ಮಾಡುತ್ತಾಳೆ, ಉಫ್ ಅಂತ ಊದಿಬಿಡುತ್ತಾಳೆ. ಹೋದ ಪರೀಕ್ಷೆಯಲ್ಲಿ ಅದೇ ಆಯಿತು, ಎಲ್ಲ ಸರಿ ಮಾಡಿ ಕೊನೆಗೆ ಊದಿದಳು, ಟೀಚರಮ್ಮ ಅಲ್ಲೇ ಫೇಲ್ ಅಂದಳು, ಬಾಯಲ್ಲಿ ಇರೋ ಕ್ರಿಮಿನೆಲ್ಲ ತಗೊಂಡು ಹೋಗಿ ಸೂಜಿ ಬಾಯಿಗೆ ಇಟ್ಟೆಯಲ್ಲಮ್ಮಾ, ಇದೇನು ಬಿಸಿ ಹಾಲಾ, ಹುಡುಗಿಯರೆಲ್ಲ ನಕ್ಕರಂತೆ, ಆವತ್ತಿಂದ ಅವಳ ಹೆಸರು ಉಫ್ ಅಕ್ಕ. ಇನ್ನೊಂದು ಸಲ ಫೇಲಾದರೆ ಶಾಲೆಯಿಂದ ಹೆಸರೇ ತೆಗೆಯುತ್ತಾರೆ. ಅಡುಗೆಮನೆ ಬಾಗಿಲ ಹಿಂದೆ ಅತ್ತಳು, ಏನು ಮಾಡ್ಲಿ ರೀ, ಮೈಗೇ ಬಂದುಬಿಟ್ಟಿದೆ, ಒದ್ದೆ ಕಂಡ್ರೆ ಊದ್ತೀನಿ. ಬಂದಿರದೆ ಇನ್ನೇನು, ಮಗಳ ಮೊಣಕಾಲು ತರಚಿದಾಗ ಊದಿದಳು, ಅಪ್ಪನ ಗಂಜಿ ಊದಿದಳು, ನನ್ನ ಕೈಗೆ ಬಿಸಿ ಡಾಂಬರು ತಾಗಿದಾಗ, ಬ್ಲೇಡು ತಾಗಿದಾಗ, ಕಣ್ಣಿಗೆ ಕಸ ಬಿದ್ದಾಗ, ರೆಪ್ಪೆ ಎತ್ತಿ ಹಿಡಿದು, ಅಲ್ಲಾಡಬೇಡಿ ಅಂತ, ತಣ್ಣಗೆ, ಮೆಲ್ಲಗೆ, ಉಫ್, ಉಫ್, ಆ ಗಾಳಿ ನನ್ನದು, ಹದಿನೆಂಟು ವರ್ಷ ನನ್ನ ಗಾಯಗಳ ಮೇಲೆ ಬಂದ ಗಾಳಿ, ಅದನ್ನು ಕಂಡವರ ತೋಳಿನ ಮೇಲೆ ಊದುತ್ತಾಳೆ ಅಂತ ಕೇಳಿದಾಗ ಅವಳು ಫೇಲಾದಳಲ್ಲ ಅನ್ನುವ ದುಃಖ ನನಗೆ ಎಲ್ಲಿಂದ ಬರಬೇಕು. ನನಗೆ ಸಮಾಧಾನವಾಯಿತು. ಹೌದು, ಸಮಾಧಾನ, ಅತ್ತವಳ ಬೆನ್ನು ಸವರುತ್ತಾ, ಹೋಗಲಿ ಬಿಡೇ ಅಂದೆ, ಬಿಡು ಅನ್ನುವ ಮಾತು ನಾಲಿಗೆಗೆ ಸಿಹಿಯಾಗಿತ್ತು.

ನನಗೂ ಗೊತ್ತು ಊದಬಾರದು ಅಂತ, ನನ್ನ ಕಸುಬಿನಲ್ಲೂ ಅದೇ ಕಾನೂನು, ಹಸಿ ಬಣ್ಣದ ಮೇಲೆ ಊದಿದರೆ ಎಂಜಲು ಹನಿ ಬಿದ್ದು ಹೊಳಪು ಹೋಗುತ್ತದೆ, ಅಕ್ಷರ ತಾನಾಗಿ ಒಣಗಬೇಕು, ಬೋರ್ಡು ಬರೆಯುವವನಿಗೆ ಕುಂಚಕ್ಕಿಂತ ಸುಮ್ಮನೆ ಕೂರುವುದು ಮುಖ್ಯ. ಅದನ್ನು ಅವಳಿಗೆ ಹೇಳಿಕೊಡಬಹುದಿತ್ತು. ಅವಳೇ ಕೇಳಿದಳು, ದಿಂಬಿಗೆ ನೀರು ಹಚ್ಚಿ ಅದನ್ನೇ ತೋಳು ಅಂದುಕೊಂಡು ಅಭ್ಯಾಸ ಮಾಡುತ್ತಿದ್ದಳು, ರೀ, ನಾನು ಊದಕ್ಕೆ ಹೋದ್ರೆ ಕೆಮ್ಮಿ, ನಿಮ್ಮ ಕೆಮ್ಮು ಕೇಳಿದ್ರೆ ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತೆ. ಅದು ನಿಜ, ನೆಂಟರ ಮುಂದೆ ಅವಳು ಏನಾದರೂ ಹೆಚ್ಚುಕಡಿಮೆ ಮಾತಾಡಲು ಹೊರಟರೆ ನಾನು ಕೆಮ್ಮುವುದು, ಅವಳು ಅರ್ಧಕ್ಕೆ ನಿಲ್ಲಿಸಿ ಕಾಫಿ ತರಲು ಏಳುವುದು, ಮದುವೆಯಾದ ವರ್ಷದಿಂದ ನಡೆದು ಬಂದದ್ದು, ನಮ್ಮ ಮನೆಯಲ್ಲಿ ನನ್ನ ಕೆಮ್ಮಿಗೆ ಪೊಲೀಸಿನವನ ಸೀಟಿಗೆ ಇರುವಷ್ಟು ಮರ್ಯಾದೆ. ಒಂದೆರಡು ಸಂಜೆ ಕೆಮ್ಮಿದೆ, ದಿಂಬಿನ ಮೇಲೆ ಬಾಗುತ್ತಿದ್ದಳು, ತುಟಿ ದುಂಡಗಾಗುತ್ತಿತ್ತು, ನಾನು ಉಹುಂ ಉಹುಂ ಅನ್ನುತ್ತಿದ್ದೆ, ನಿಲ್ಲಿಸುತ್ತಿದ್ದಳು, ಮೂರನೇ ಸಂಜೆ ಗಂಟಲು ನೋವು ಅಂದೆ. ಗಂಟಲಿಗೆ ಏನೂ ಆಗಿರಲಿಲ್ಲ. ಉಪ್ಪುನೀರು ಕಾಯಿಸಿ ತಂದುಕೊಟ್ಟಳು, ಬಾಯಿ ಮುಕ್ಕಳಿಸಿದೆ.

ಇವತ್ತು ಅದೇ ಪರೀಕ್ಷೆ. ಬೆಳಿಗ್ಗೆಯಿಂದ ವಾರ್ಡೆಲ್ಲ ಗುಸುಗುಸು, ನೆಲ ಎರಡು ಸಲ ಒರೆಸಿದರು, ಹೊರಗಿನಿಂದ ಪರೀಕ್ಷಕಿ ಬರುತ್ತಾರಂತೆ, ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದವನು ಇದೇ ಮೀಸೆ, ಅವನಿಗೆ ಊಟದ ಮುಂಚೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನು, ಅಷ್ಟು ಮಂಚ ಇದ್ದವು, ನನ್ನ ಪಕ್ಕದ್ದೇ ಬರಬೇಕೇ. ಸಿಸ್ಟರ್ ಹೆದರಬೇಡಿ, ನಾನು ಅಲ್ಲಾಡಲ್ಲ, ನಿಮಗೆ ಫಸ್ಟ್ ಕ್ಲಾಸೇ ಅಂತಾನೆ, ಇವನು ಯಾರು ಧೈರ್ಯ ಹೇಳಲು, ಆ ಮಾತು ಹೇಳಬೇಕಾದ ನಾನು ಕಾಲು ಕಟ್ಟಿಸಿಕೊಂಡು ಇಲ್ಲಿ ತೂಗುತ್ತಿದ್ದೇನೆ. ಅವಳು ತಟ್ಟೆ ತರಲು ಹೋಗುತ್ತಾ ನನ್ನ ಮಂಚದ ಕಾಲ ಬಳಿ ಬಗ್ಗಿದಳು, ಬಿದ್ದ ಹತ್ತಿ ಎತ್ತಿಕೊಳ್ಳುವವಳ ಹಾಗೆ, ಹತ್ತಿ ಎಲ್ಲಿ ಬಿದ್ದಿತ್ತು, ನನ್ನ ಕಡೆ ನೋಡದೆ ಮೆಲ್ಲಗೆ ಹೇಳಿದಳು, ಬೇಕಾದ್ರೆ ಕೆಮ್ಮಿ. ಅಷ್ಟೇ. ಈ ವಾರ್ಡಿಗೆ ಬಂದ ಮೇಲೆ ಹೆಂಡತಿಯಾಗಿ ಆಡಿದ ಮೊದಲ ಮಾತು, ಅದೂ ನನ್ನ ಕಾಲು ಹೇಗಿದೆ ಅಂತ ಅಲ್ಲ. ಬೇಕಾದ್ರೆ ಕೆಮ್ಮಿ. ಬೇಕು ಅಂದರೆ ಯಾರಿಗೆ ಬೇಕು, ನನಗೆ ಏನು ಬೇಕು ಅಂತ ಯಾರಾದರೂ ಕೇಳಿದ್ದಾರೆಯೇ, ನನಗೆ ಅವಳು ಮನೆಯಲ್ಲಿ ಬೇಕು, ಬಣ್ಣದ ಡಬ್ಬಿಯ ಮುಚ್ಚಳ ತೆಗೆದುಕೊಡಲು ಬೇಕು, ಈ ಬಿಳಿ ಬಟ್ಟೆಯಿಂದ ಹೊರಗೆ ಬೇಕು, ಇಲ್ಲಿ ಅವಳನ್ನು ಕರೆಯುವವರಿಗೆ ಲೆಕ್ಕವಿಲ್ಲ, ಸಿಸ್ಟರ್ ಇಲ್ಲಿ, ಸಿಸ್ಟರ್ ಅಲ್ಲಿ, ಎಲ್ಲರಿಗೂ ಹೋಗುತ್ತಾಳೆ, ನಗುತ್ತಾಳೆ, ಆ ನಗು ಮನೆಯಲ್ಲಿ ನಾನು ನೋಡಿದ್ದು ಯಾವಾಗ.

ಬಂದರು. ಪರೀಕ್ಷಕಿ ದಪ್ಪ ಕನ್ನಡಕದವರು, ಪಕ್ಕದಲ್ಲಿ ಟೀಚರಮ್ಮ, ಹಿಂದೆ ಗೋಡೆಗೆ ಅಂಟಿಕೊಂಡು ಎರಡು ಜಡೆ, ಪರದೆ ಪೂರ್ತಿ ಎಳೆದಿಲ್ಲ, ನನಗೆ ಎಲ್ಲ ಕಾಣುತ್ತಿದೆ, ಅವಳ ಕಿವಿ ಕೆಂಪಾಗಿದೆ, ಭಯವಾದರೆ ಅವಳ ಕಿವಿ ಮೊದಲು ಕೆಂಪಾಗುತ್ತದೆ, ಹೆಣ್ಣು ನೋಡಲು ಹೋದಾಗಲೂ ನಾನು ಕಂಡದ್ದು ಮೊದಲು ಆ ಕಿವಿಯನ್ನೇ, ಇವರಲ್ಲಿ ಯಾರಿಗೆ ಗೊತ್ತು ಅದು. ನಿಮ್ಮ ಹೆಸರು ಹೇಳಿ ಸಾರ್, ಅಂತ ಮೀಸೆಯವನನ್ನು ಕೇಳಿದಳು, ಕೈಗೆ ಕಟ್ಟಿದ ಪಟ್ಟಿ ನೋಡಿದಳು, ಔಷಧಿಯ ಸೀಸೆ ಬೆಳಕಿಗೆ ಹಿಡಿದಳು, ಎಳೆದಳು, ಗುಳ್ಳೆ ತಟ್ಟಿ ತೆಗೆದಳು, ದನಿ ನಡುಗಲಿಲ್ಲ, ಕೈ ನಡುಗಲಿಲ್ಲ, ಈಗ ಹತ್ತಿ, ಈಗ ಸ್ಪಿರಿಟ್, ತೋಳು, ಅವನ ಬಿಸಿಲಲ್ಲಿ ಸುಟ್ಟ ತೋಳು, ನಡುವಿಂದ ಹೊರಕ್ಕೆ ಸುತ್ತಿ ಸುತ್ತಿ ಒರೆಸಿದಳು, ಒದ್ದೆ ಮಿನುಗಿತು, ಮಿನುಗುತ್ತಿದೆ, ಅವಳು ಬಾಗಿದಳು — ನನಗೆ ಗೊತ್ತು ಈ ಬಾಗುವಿಕೆ, ತಲೆ ಒಂದು ಕಡೆ ಓರೆ, ಗಲ್ಲ ಮುಂದೆ, ಉಸಿರು ಒಳಕ್ಕೆ, ಕಣ್ಣಿಗೆ ಕಸ ಬಿದ್ದಾಗ ನನ್ನ ಮುಖದ ಮೇಲೆ ಬಾಗುವುದು ಹೀಗೆಯೇ — ತುಟಿ ಕೂಡಿತು, ದುಂಡಗಾಯಿತು, ಟೀಚರಮ್ಮನ ಕಣ್ಣು ಚೂಪಾಯಿತು, ಈಗ ಕೆಮ್ಮಬೇಕು, ಈಗ, ಗಂಟಲಲ್ಲಿ ಕೆಮ್ಮು ಬಂದು ನಿಂತಿದೆ, ನಿಜವಾದ ಕೆಮ್ಮು, ಒಂದು ಉಹುಂ ಸಾಕು, ಕೆಮ್ಮು, ಕೆಮ್ಮಿದರೆ ಪಾಸು, ಪಾಸಾದರೆ ಇನ್ನೂ ವರ್ಷಗಟ್ಟಲೆ ಈ ಬೂಟು, ಈ ಗಡಿಯಾರ, ಈ ಮೀಸೆಗಳು, ಕೆಮ್ಮದಿದ್ದರೆ ಊದುತ್ತಾಳೆ, ಊದಿದರೆ ಮುಗಿಯಿತು, ಮನೆಗೆ ಬರುತ್ತಾಳೆ, ಬಾಗಿಲ ಹಿಂದೆ ಅಳುತ್ತಾಳೆ, ಬೆನ್ನು ಸವರುತ್ತೇನೆ, ಹೋಗಲಿ ಬಿಡೇ ಅನ್ನುತ್ತೇನೆ, ನಾನು ಕೆಮ್ಮನ್ನು ನುಂಗಿದೆ. ನುಂಗಿದೆ, ಅದು ಇಳಿಯಲಿಲ್ಲ, ಹಲ್ಲು ಕಚ್ಚಿ ಹಿಡಿದೆ, ಕಣ್ಣಲ್ಲಿ ನೀರು ಬಂತು. ಊದು, ಊದೇ, ಊದು. ಅವಳ ತುಟಿ ದುಂಡಗೆ ಹಾಗೇ ಇತ್ತು. ಗಾಳಿ ಬರಲಿಲ್ಲ. ಉಸಿರು ಒಳಗೇ ನಿಂತಿತು, ತುಟಿ ನಿಧಾನವಾಗಿ ಮುಚ್ಚಿಕೊಂಡಿತು, ಅವಳು ನೆಟ್ಟಗೆ ನಿಂತು ತೋಳನ್ನೇ ನೋಡುತ್ತಾ ಕಾದಳು, ನನ್ನ ಕಡೆ ಒಂದು ಸಲವೂ ಕಣ್ಣು ಹಾಯಿಸದೆ ಕಾದಳು, ಬೋರ್ಡು ಒಣಗಲು ನಾನು ಕಾಯುವ ಹಾಗೆ ಕೈ ಕಟ್ಟದೆ ಮಾತಾಡದೆ ಕಾದಳು, ಮಿನುಗು ಅಂಚಿನಿಂದ ಕುಗ್ಗುತ್ತಾ ಕುಗ್ಗುತ್ತಾ ಆರಿತು, ಸೂಜಿ ಹೋಯಿತು, ಬಂತು. ಗೊತ್ತೇ ಆಗ್ಲಿಲ್ಲ ಸಿಸ್ಟರ್ ಅಂದ ಮೀಸೆಯವನು. ಕನ್ನಡಕದವರು ತಲೆ ಆಡಿಸಿದರು.

ಅವರು ಮುಂದಿನ ಮಂಚಕ್ಕೆ ಹೋದರು, ಮೀಸೆಯವನಿಗೆ ಊಟದ ತಟ್ಟೆ ಬಂತು, ಎರಡು ಜಡೆ ಉಫ್ ಅಕ್ಕನ ಕೈ ಹಿಡಿದು ಕುಣಿಯಿತು, ಅಕ್ಕಾ ಪಾಸಕ್ಕಾ ಅಂತ, ಬಾಯಿ ಮುಚ್ಚೇ ವಾರ್ಡು ಇದು ಅಂದಳು ಅವಳು, ನಕ್ಕಳು, ಆಮೇಲೆ ಖಾಲಿ ತಟ್ಟೆ ಹಿಡಿದು ನನ್ನ ಮಂಚ ದಾಟುವಾಗ ನಿಂತಳು, ನಿಯಮ ಇದ್ದರೂ ನಿಂತಳು, ನನ್ನ ದಿಂಬನ್ನು ಒಂದು ಕೈಯಲ್ಲಿ ಎಳೆದು ಕತ್ತಿನ ಕೆಳಗೆ ಸರಿಮಾಡಿದಳು, ಕಿವಿ ಇನ್ನೂ ಕೆಂಪಗಿತ್ತು. ನೀವು ಕೆಮ್ಮಲಿಲ್ಲ, ಅಂದಳು. ನಾನು ಆ ಕ್ಷಣ ನಿಮ್ಮ ಕೆಮ್ಮಿಗೇ ಕಾದಿದ್ದೆ ರೀ, ಬರಲಿಲ್ಲ, ಆಗ ಅನ್ನಿಸ್ತು, ಓ ಇವರಿಗೆ ನನ್ನ ಮೇಲೆ ಇಷ್ಟು ನಂಬಿಕೆ ಬಂದಿದೆ ಅಂತ, ಅದಕ್ಕೇ ನನ್ನಿಂದ ಆಯ್ತು. ಹೇಳಿ ಹೋದಳು, ಕಿರ್ ಕಿರ್, ಕಿರ್ ಕಿರ್, ಅವಳ ಕಣ್ಣು ತುಂಬಿತ್ತು, ನನ್ನದು ತುಂಬಿದ್ದನ್ನೂ ನೋಡಿದಳು, ಅದನ್ನು ಏನು ಅಂದುಕೊಂಡಳು. ನಂಬಿಕೆಯಂತೆ. ಕೂಗಿ ಹೇಳಲೇ, ಲೇ, ಅದಲ್ಲ ಕಣೇ, ನಾನು ಹೊಟ್ಟೆಕಿಚ್ಚಿನ ಮುಂಡೇಗಂಡ, ಊದು ಊದು ಅಂತ ಹಾರೈಸುತ್ತಾ ಇದ್ದೆ, ಹೇಳಲೇ, ಹೆಸರು ಹಿಡಿದು ಕೂಗಬಾರದು, ಲೇ ಅನ್ನಬಾರದು. ಅಣ್ಣಾ, ಆಯಮ್ಮ ನಿಮಗೆ ಪರಿಚಯಾನಾ, ಅನ್ನುತ್ತಿದ್ದಾನೆ ಮೀಸೆಯವನು ಬಾಯಲ್ಲಿ ತುತ್ತು ಇಟ್ಟುಕೊಂಡು, ನಿಮ್ಮ ದಿಂಬು ಸರಿ ಮಾಡಿದ್ರಲ್ಲ. ನನ್ನ ಹೆಂಡತಿ, ಅಂದೆ. ಅವನಿಗೆ ಕೇಳಿಸಿತೋ ಇಲ್ಲವೋ.

ಅಂಕಲ್, ತೋಳು, ನೋವಿನ ಇಂಜೆಕ್ಷನ್. ಎರಡು ಜಡೆ. ತೋಳು ಕೊಟ್ಟೆ. ಹತ್ತಿ, ತಣ್ಣಗೆ, ಸುತ್ತಿ ಸುತ್ತಿ, ಒದ್ದೆ ಮಿನುಗುತ್ತಿದೆ, ಹುಡುಗಿ ಸೂಜಿ ಹಿಡಿದು ಕಾಯುತ್ತಿದ್ದಾಳೆ, ಯಾರೂ ಬಾಗುವುದಿಲ್ಲ, ನನ್ನ ತೋಳಿನ ಮೇಲೆ ಯಾರೂ ಬಾಗುವುದಿಲ್ಲ, ಉಫ್ — ನಾನೇ, ನನ್ನದೇ ತುಟಿ, ನನ್ನದೇ ಬಾಯಿಯ ಬಿಸಿ ಗಾಳಿ, ಹಳಸಿದ ಗಾಳಿ. ಅಯ್ಯೋ, ಊದಬಾರ್ದು ಅಂಕಲ್, ಮತ್ತೆ ಒರೆಸ್ತೀನಿ ತಾಳಿ. ಮೀಸೆಯವನು ನಕ್ಕ, ಯಾರೋ ಆಚೆ ನಕ್ಕರು. ಮತ್ತೆ ಹತ್ತಿ, ಮತ್ತೆ ತಣ್ಣಗೆ, ವಾರ್ಡಿನ ಆ ಕೊನೆಯಲ್ಲಿ ಸಿಂಕಿನ ಹತ್ತಿರ ಅವಳು ತಿರುಗಿ ನೋಡಿದಳು, ಅಷ್ಟು ದೂರದಿಂದ ಅವಳ ಮುಖ ಸರಿಯಾಗಿ ಕಾಣುತ್ತಿಲ್ಲ, ಕಾಣುತ್ತಿರುವುದು ಆಗಿನದು, ತುಟಿ ಕೂಡಿತು, ದುಂಡಗಾಯಿತು, ಅವಳು ಕಾದಳು, ನನಗಾಗಿ ಕಾದಳು, ನಾನು ಹಲ್ಲು ಕಚ್ಚಿ ಹಿಡಿದಿದ್ದೆ, ತಾಳಿ ಅಂಕಲ್ ಇನ್ನೂ ಒಣಗಿಲ್ಲ, ತುಟಿ ದುಂಡಗೆ, ಗಾಳಿ ಇಲ್ಲ, ಕೆಮ್ಮು ಇಲ್ಲ, ಇನ್ನೂ ಒಣಗಿಲ್ಲ, ದುಂಡಗೆ ನಿಂತ ತುಟಿ, ಆ ತುಟಿ